ಯಾರ ಮುಂದೆ ಆಡಿದ ಮಾತು?

ಎಂ.ಎ. ತರಗತಿಯಲ್ಲಿ ನಾನು ಕಲಿತ ಮೊದಲ ಪಾಠ ಸರಳವಾಗಿತ್ತು. ಘಟನೆಯನ್ನು ಕಂಡವರು, ಅನುಭವಿಸಿದವರು ಹೇಳಿದ್ದು ಪ್ರಾಥಮಿಕ ಆಕರ. ಅದನ್ನು ಓದಿ ನಂತರದವರು ಬರೆದದ್ದು ದ್ವಿತೀಯಕ ಆಕರ. ಮೊದಲನೆಯದು ಒರತೆ, ಎರಡನೆಯದು ಕಾಲುವೆ ಎಂದುಕೊಂಡಿದ್ದೆ. ಒರತೆಯ ನೀರು ತಿಳಿಯಾಗಿರಲೇಬೇಕಲ್ಲವೇ? ಅಮೆರಿಕದ ಗುಲಾಮಗಿರಿಯ ಬಗ್ಗೆ ಓದುವಾಗ ಒಬ್ಬ ಮುದುಕಿ ಈ ನಂಬಿಕೆಯನ್ನು ಅಲುಗಾಡಿಸಿದಳು.

1936ರಿಂದ 1938ರವರೆಗೆ ಅಲ್ಲಿನ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಸರ್ಕಾರಿ ಯೋಜನೆಯವರು, ಹಿಂದೆ ಗುಲಾಮರಾಗಿದ್ದವರನ್ನು ಹುಡುಕಿ ಹೋಗಿ ಅವರ ನೆನಪುಗಳನ್ನು ಬರೆದುಕೊಂಡರು. 2,300ಕ್ಕೂ ಹೆಚ್ಚು ಹೇಳಿಕೆಗಳು ಸೇರಿದವು. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನ ಸೂಸನ್ ಹ್ಯಾಮ್ಲಿನ್ ಹೇಳಿಕೆಯೂ ಅದರಲ್ಲಿದೆ, ಒಂದಲ್ಲ, ಎರಡು.

1937ರಲ್ಲಿ ಜೆಸ್ಸಿ ಬಟ್ಲರ್ ಎಂಬ ಬಿಳಿಯ ಮಹಿಳೆ ಆಕೆಯನ್ನು ಮಾತಾಡಿಸಿದರು. ಒಡೆಯ ಫುಲ್ಲರ್ ಒಳ್ಳೆಯವನಾಗಿದ್ದ ಎಂದಳು ಸೂಸನ್. ಅಗಸ್ಟಸ್ ಲ್ಯಾಡ್ಸನ್ ಎಂಬ ಕಪ್ಪು ಸಂದರ್ಶಕ ಬಂದಾಗ ಬೇರೆಯದೇ ಮಾತು: ಚಾಟಿಯೇಟು, ಮಾರಾಟವಾಗುವ ಮಕ್ಕಳು, ತಾಯಂದಿರ ಗೋಳಾಟ. ಹೆಂಗಸು ಒಬ್ಬಳೇ, ಬದುಕೂ ಒಂದೇ.

ಹಾಗಾದರೆ ಬಟ್ಲರ್ ಮುಂದೆ ಆಕೆ ಸುಳ್ಳು ಹೇಳಿದಳೇ? ಉತ್ತರದ ಸುಳಿವು ಬಟ್ಲರ್ ಅವರ ಬರಹದಲ್ಲೇ ಇದೆ. ತನಗೆ ಹಿಂದೆ ನೆರವು ಕೊಟ್ಟಿದ್ದ ಕಲ್ಯಾಣ ಇಲಾಖೆಯಿಂದ ಇವರು ಬಂದಿದ್ದಾರೆಂದು ಸೂಸನ್ ತಿಳಿದಿದ್ದಳು. ಬಟ್ಲರ್ ಆ ಭಾವನೆಯನ್ನು ತಿದ್ದಲಿಲ್ಲ. ವರ್ಣಭೇದ ಕಾನೂನಾಗಿದ್ದ ಊರು, ಹೊಟ್ಟೆಪಾಡಿನ ಚಿಂತೆಯ ಮುದುಕಿ, ಎದುರಿಗೆ ಅಧಿಕಾರಿಯಂತೆ ಕಾಣುವ ಬಿಳಿಯ ಹೆಂಗಸು. ಆಕೆ ಆಡಿದ ಮಾತನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದೂ ಪ್ರಾಥಮಿಕ ಆಕರವೇ. ಗುಲಾಮಗಿರಿಗಿಂತ ಹೆಚ್ಚಾಗಿ 1937ರ ಭಯಕ್ಕೆ.

ಆದರೆ ಇಲ್ಲಿ ನನ್ನನ್ನೂ ನಾನು ಕೇಳಿಕೊಳ್ಳಬೇಕು. ಲ್ಯಾಡ್ಸನ್ ಮುಂದಿನ ಹೇಳಿಕೆ ನನಗೆ ಹಿಡಿಸುವುದು ಅದು ನಿಜವೆಂದೋ, ನಾನು ಮೊದಲೇ ನಂಬಿದ್ದನ್ನು ಅದು ಹೇಳುತ್ತದೆಂದೋ? ಅದು ಕೂಡ ಒಬ್ಬರ ಮುಂದೆ, ಏಳು ದಶಕಗಳ ನಂತರ ಆಡಿದ ಮಾತು. ಅದಕ್ಕೆ ಬಲ ಬರುವುದು ಬೇರೆ ಕಾಗದಗಳಿಂದ: ಗುಲಾಮರ ಮಾರಾಟಪತ್ರಗಳು, ಓಡಿಹೋದವರನ್ನು ಮೈಮೇಲಿನ ಗಾಯದ ಗುರುತಿನಿಂದ ಪತ್ತೆಹಚ್ಚಲು ಒಡೆಯರೇ ಕೊಟ್ಟ ಪತ್ರಿಕಾ ಜಾಹೀರಾತುಗಳು.

ದ್ವಿತೀಯಕ ಆಕರದ ಬೆಲೆ ತಿಳಿದದ್ದೂ ಇಲ್ಲೇ. 1918ರಲ್ಲಿ ಯು. ಬಿ. ಫಿಲಿಪ್ಸ್ ತೋಟದೊಡೆಯರ ದಾಖಲೆಗಳನ್ನು ನೆಚ್ಚಿ ಗುಲಾಮಗಿರಿಗೆ ಸೌಮ್ಯವಾದ ಮುಖ ಬರೆದರು. 1956ರಲ್ಲಿ ಕೆನೆತ್ ಸ್ಟ್ಯಾಂಪ್ ಅಂಥವೇ ದಾಖಲೆಗಳಲ್ಲಿ ಕ್ರೌರ್ಯವನ್ನೂ ಪ್ರತಿರೋಧವನ್ನೂ ಕಂಡರು. ಕಾಗದಗಳಿಗಿಂತ ಹೆಚ್ಚಾಗಿ ಬದಲಾದದ್ದು ಓದುವವರ ಪ್ರಶ್ನೆ.

ಸತ್ತವರು ನಮ್ಮನ್ನು ತಿದ್ದಲು ಬರುವುದಿಲ್ಲ. ಅವರ ಮಾತನ್ನು ನಮಗೆ ಬೇಕಾದಷ್ಟೇ ಎತ್ತಿಕೊಂಡರೆ ಕೇಳುವವರಿಲ್ಲ. ಹಾಗಾಗಿ ಈಗ ಯಾವ ಹೇಳಿಕೆಯನ್ನು ಓದಿದರೂ ಟಿಪ್ಪಣಿಯ ಅಂಚಿನಲ್ಲಿ ಮೊದಲು ಬರೆದುಕೊಳ್ಳುತ್ತೇನೆ: ಕೇಳಿದವರು ಯಾರು? ಹೇಳಿದವರಿಗೆ ಅವರಿಂದ ಏನಾಗಬೇಕಿತ್ತು? ನನಗೆ ಇದರಿಂದ ಏನು ಬೇಕು? ಮೂರನೆಯದಕ್ಕೆ ಉತ್ತರ ಬರೆಯುವುದೇ ಕಷ್ಟ.