ಸಾಕ್ಷಿಯ ಗುರುತು, ಆರೋಪಿಯ ವಕೀಲ

ಹಿಂದೆ ಕಂಡದ್ದನ್ನೂ ಈಗ ಎದುರಿಗಿರುವುದನ್ನೂ ಒಂದೇ ಎಂದು ಅರಿಯುವ ಜ್ಞಾನವನ್ನು ಭಾರತೀಯ ದರ್ಶನಗಳು ಪ್ರತ್ಯಭಿಜ್ಞೆ ಎಂದು ಕರೆದು, ‘ಇವನೇ ಆ ದೇವದತ್ತ’ ಎಂಬ ಮಾತನ್ನು ಅದಕ್ಕೆ ರೂಢಿಯ ಉದಾಹರಣೆಯಾಗಿ ಕೊಡುತ್ತವೆ. ನೈಯಾಯಿಕರ ಮತದಲ್ಲಿ ಈ ಜ್ಞಾನ ಹುಟ್ಟಲು ಕಣ್ಣೊಂದೇ ಸಾಲದು. ಹಿಂದಿನ ಅನುಭವ ಆತ್ಮದಲ್ಲಿ ಉಳಿಸಿದ ಸಂಸ್ಕಾರವೂ ನೆರವಾಗಬೇಕು. ಚಿಪ್ಪಿನಲ್ಲಿ ಬೆಳ್ಳಿ ತೋರುವ ಭ್ರಮೆಗೂ ಅವರು ಬೇರೆಡೆ ಕಂಡ ಬೆಳ್ಳಿಯ ಸಂಸ್ಕಾರವನ್ನೇ ಕಾರಣವಾಗಿ ಹೇಳುತ್ತಾರೆ. ಸರಿಯಾದ ಗುರುತೂ ತಪ್ಪು ಗುರುತೂ ಹೀಗೆ ಬಹುಮಟ್ಟಿಗೆ ಒಂದೇ ಸಾಮಗ್ರಿಯಿಂದ ಹುಟ್ಟುವುದಾದರೆ, ಗುರುತಿಸಿದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವೆರಡರ ಭೇದ ಅವರಿಗೆ ಒಳಗಿನಿಂದ ತಿಳಿಯಲಾರದು. ಶಂಕಿತನನ್ನು ಇತರರ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಗೆ ತೋರಿಸುವ ಗುರುತು ಪತ್ತೆ ಪರೇಡಿನಲ್ಲಿ ವಕೀಲನಿರಬೇಕೆ ಎಂಬ ಪ್ರಶ್ನೆ, ನೋಡಲು ಕಾನೂನಿನದಾದರೂ, ಈ ಕಷ್ಟದಿಂದಲೇ ಹುಟ್ಟಿದ್ದು.

1964ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಯೂಸ್ಟೇಸ್ ಎಂಬ ಊರಿನ ಬ್ಯಾಂಕಿಗೆ, ಮುಖದ ಎರಡೂ ಬದಿಗೆ ಟೇಪಿನ ಸಣ್ಣ ಪಟ್ಟಿ ಅಂಟಿಸಿಕೊಂಡ ಒಬ್ಬಾತ ನುಗ್ಗಿ, ಪಿಸ್ತೂಲು ತೋರಿಸಿ, ದಿಂಬಿನ ಚೀಲದಲ್ಲಿ ಹಣ ತುಂಬಿಸಿಕೊಂಡು ಹೋದ. ಮರುವರ್ಷ ವೇಡ್ ಎಂಬವನ ಮೇಲೆ ದೋಷಾರೋಪಣೆಯಾಗಿ, ಬಂಧನವಾಗಿ, ಅವನಿಗೆ ವಕೀಲರ ನೇಮಕವೂ ಆದ 15 ದಿನಗಳ ಬಳಿಕ, ಎಫ್‌ಬಿಐ ಅಧಿಕಾರಿಯೊಬ್ಬರು ಆ ವಕೀಲರಿಗೆ ತಿಳಿಸದೆ ಅವನನ್ನು ಐದಾರು ಮಂದಿಯೊಡನೆ ನಿಲ್ಲಿಸಿ, ಎಲ್ಲರ ಮುಖಕ್ಕೂ ಟೇಪು ಹಚ್ಚಿಸಿ, ಹಣವನ್ನು ಚೀಲಕ್ಕೆ ಹಾಕು ಎಂಬರ್ಥದ ಮಾತನ್ನು ಎಲ್ಲರಿಂದಲೂ ಆಡಿಸಿದರು. ಬ್ಯಾಂಕಿನ ಇಬ್ಬರು ಸಿಬ್ಬಂದಿ ವೇಡ್‌ನನ್ನೇ ತೋರಿಸಿದರು. ಆದರೆ ಪರೇಡು ಶುರುವಾಗುವ ಮೊದಲೇ ಅವರಲ್ಲಿ ಕ್ಯಾಷಿಯರ್‌ಗೆ ಆತ ಎಫ್‌ಬಿಐ ಅಧಿಕಾರಿಯ ಕಣ್ಗಾವಲಿನಲ್ಲಿ ಹಜಾರದಲ್ಲಿ ನಿಂತದ್ದು ಕಂಡಿತ್ತು. ಆ ಒಂದು ನೋಟ ದರೋಡೆಯ ದಿನದ ನೆನಪಿನೊಳಗೆ ಬೆರೆತುಹೋಗಿದ್ದರೆ ಅದನ್ನು ಬೇರ್ಪಡಿಸಿ ತೋರಿಸಬಲ್ಲವರು ಯಾರು?

1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಮೊಕದ್ದಮೆಯಲ್ಲಿ ಎರಡು ಮಾತು ಹೇಳಿತು. ಸಾಲಿನಲ್ಲಿ ನಿಲ್ಲಿಸುವುದಾಗಲಿ ಮಾತನಾಡಿಸುವುದಾಗಲಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡಿದಂತಲ್ಲ ಎಂಬುದು ಮೊದಲನೆಯದು. ಎರಡನೆಯದು, ದೋಷಾರೋಪಣೆಯ ನಂತರದ ಪರೇಡು ಮೊಕದ್ದಮೆಯ ನಿರ್ಣಾಯಕ ಘಟ್ಟವಾದ್ದರಿಂದ, ವಕೀಲರ ನೆರವಿನ ಹಕ್ಕನ್ನು ಕೊಡುವ ಸಂವಿಧಾನದ ಆರನೆಯ ತಿದ್ದುಪಡಿ ಅಲ್ಲಿಗೂ ಅನ್ವಯಿಸುತ್ತದೆ ಎಂಬುದು. ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಅವರ ತರ್ಕದ ತಿರುಳು ಇದು: ಒಮ್ಮೆ ಗುರುತಿಸಿದ ಸಾಕ್ಷಿ ಮುಂದೆ ಆ ಮಾತಿನಿಂದ ಹಿಂದೆ ಸರಿಯುವುದು ಅಪರೂಪ, ಉದ್ವೇಗದಲ್ಲಿ ನಿಂತ ಆರೋಪಿಗೆ ಅಲ್ಲಿ ನಡೆದ ಸೂಚನೆ, ಸನ್ನೆಗಳು ಕಾಣುವುದೂ ಕಷ್ಟ, ಕಂಡದ್ದನ್ನು ಕೋರ್ಟಿನಲ್ಲಿ ನಂಬಿಸುವುದೂ ಕಷ್ಟ, ಹೀಗಾಗಿ ಮುಂದಿನ ಪಾಟೀಸವಾಲಿಗೆ ಹಿಡಿತವೇ ಸಿಗುವುದಿಲ್ಲ. ಅದೇ ದಿನ ತೀರ್ಮಾನವಾದ ಗಿಲ್ಬರ್ಟ್ ಮೊಕದ್ದಮೆಯಲ್ಲಂತೂ ಸುಮಾರು 100 ಸಾಕ್ಷಿಗಳು ಒಂದೇ ಸಭಾಂಗಣದಲ್ಲಿ ಕುಳಿತು, ಪರಸ್ಪರರ ಎದುರಿನಲ್ಲೇ ಆರೋಪಿಯನ್ನು ಗುರುತಿಸಿದ್ದರು. ಅಂಥ ಸ್ಥಳದಲ್ಲಿ ವಕೀಲ ವಾದ ಹೂಡಬೇಕಿಲ್ಲ, ಅಲ್ಲಿದ್ದು ನೋಡಿದರೆ ಸಾಕು; ಅಪರಾಧಿಯನ್ನು ಪಾರುಮಾಡುವ ಉಪಾಯವೆಂದು ಈ ಹಕ್ಕನ್ನು ಕಾಣುವವರು, ತಪ್ಪು ಗುರುತು ನಿಜವಾದ ದರೋಡೆಕೋರನನ್ನೂ ಪಾರುಮಾಡುತ್ತದೆ ಎಂಬುದನ್ನು ಮರೆಯುತ್ತಾರೆ.

ಇಷ್ಟು ಗಟ್ಟಿಯಾದ ತರ್ಕವನ್ನು ಅದೇ ನ್ಯಾಯಾಲಯ ಐದೇ ವರ್ಷಗಳಲ್ಲಿ ಮೊಟಕುಗೊಳಿಸಿದ್ದು ವಿಷಾದದ ಸಂಗತಿ. 1972ರ ಕರ್ಬಿ ಮೊಕದ್ದಮೆಯಲ್ಲಿ, ಔಪಚಾರಿಕ ನ್ಯಾಯಿಕ ಪ್ರಕ್ರಿಯೆ ಶುರುವಾಗುವ ಮುನ್ನ ನಡೆಯುವ ಗುರುತಿಸುವಿಕೆಗೆ ಈ ಹಕ್ಕಿಲ್ಲವೆಂದೂ, 1973ರ ಆ್ಯಶ್ ಮೊಕದ್ದಮೆಯಲ್ಲಿ, ಸಾಕ್ಷಿಗೆ ಫೋಟೊಗಳನ್ನು ತೋರಿಸುವಾಗ ವಕೀಲ ಬೇಕಿಲ್ಲವೆಂದೂ ತೀರ್ಮಾನವಾಯಿತು. ಸಾಕ್ಷಿಯ ಮನಸ್ಸಿನಲ್ಲಿ ಒಂದು ಮುಖ ಅಚ್ಚೊತ್ತುವುದು ದೋಷಾರೋಪಣೆಯ ಕಾಗದಕ್ಕಾಗಿ ಕಾಯುವುದಿಲ್ಲ. ಬಂಧನದ ಬೆನ್ನಿಗೇ ನಡೆಯುವ ಮುಖಾಮುಖಿಯಲ್ಲೂ ಅದೇ ಅಪಾಯವಿದೆ ಎಂದು ಕರ್ಬಿಯಲ್ಲಿ ಬ್ರೆನನ್ ಬರೆದ ಭಿನ್ನಮತದ ತೀರ್ಪೇ ಸರಿ. ವಕೀಲನಿಲ್ಲದ ಇಂಥ ಗುರುತುಗಳಿಗೆ ಉಳಿದದ್ದು, ಆದದ್ದೆಲ್ಲ ಆದಮೇಲೆ ನ್ಯಾಯಾಧೀಶರು ನಡೆಸುವ ವಿಶ್ವಾಸಾರ್ಹತೆಯ ಪರೀಕ್ಷೆ ಮಾತ್ರ. ಆ ಪರೀಕ್ಷೆಗೆ 1972ರ ಬಿಗರ್ಸ್ ತೀರ್ಪು ಪಟ್ಟಿಮಾಡಿದ ಅಂಶಗಳಲ್ಲಿ, ಗುರುತಿಸುವಾಗ ಸಾಕ್ಷಿ ತೋರಿದ ಖಚಿತತೆಯೂ ಒಂದು.