ಸಲಿಂಗ ವಿವಾಹ: ಕಾಗದವಿಲ್ಲದ ದಾಂಪತ್ಯ

ನಮ್ಮ ಮನೆಗಳ ನಿಕಾಹ್‌ನಲ್ಲಿ ಖಾಝಿಯವರ ರಿಜಿಸ್ಟರಿನ ಕಡೆ ಯಾರ ಗಮನವೂ ಇರುವುದಿಲ್ಲ. ಖುತ್ಬಾ ಮುಗಿಯಿತು, ಕಬೂಲ್ ಎಂದದ್ದಾಯಿತು, ಸಾಕ್ಷಿಗಳು ಸಹಿ ಹಾಕಿದರು, ಖರ್ಜೂರ ಹಂಚಿದರು. ಆಮೇಲೆ ಎಲ್ಲರ ಕಣ್ಣೂ ಬಿರಿಯಾನಿಯ ಮೇಲೆ. ಆ ಕಾಗದ ನೆನಪಾಗುವುದು ಗಂಡ ತೀರಿಕೊಂಡ ನಂತರ. ಪಿಂಚಣಿಗೆ, ಬ್ಯಾಂಕಿನ ಹಣಕ್ಕೆ, ಮನೆಯ ಖಾತೆ ಬದಲಾವಣೆಗೆ ವಿಧವೆ ಟ್ರಂಕಿನ ತಳ ಕೆದಕಿ ನಿಕಾಹ್‌ನಾಮೆ ಹುಡುಕುತ್ತಾಳೆ. ಅದು ಸಿಗದಿದ್ದರೆ ಮೂವತ್ತು ವರ್ಷದ ಸಂಸಾರಕ್ಕೂ ಸಾಕ್ಷಿ ಕೇಳುತ್ತಾರೆ.

ಅಂಥ ಕಾಗದವೇ ಹುಟ್ಟಲಾರದ ಸಂಸಾರಗಳು ಈ ದೇಶದಲ್ಲಿವೆ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಜೊತೆಯಾಗಿ ಬಾಳುತ್ತಿರುವ ಮನೆಗಳವು. ಅವರಲ್ಲೊಬ್ಬರು ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದಾಗ, 'ನೀವು ರೋಗಿಗೆ ಏನಾಗಬೇಕು?' ಎಂಬ ಪ್ರಶ್ನೆಗೆ ಇನ್ನೊಬ್ಬರಲ್ಲಿ ಕಾನೂನು ಒಪ್ಪುವ ಉತ್ತರವಿಲ್ಲ. ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ಊರಿನಿಂದ ಬಂದರೆ ಅವನೇ ವಾರಸುದಾರ.

ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಬರೆದಿಟ್ಟ 377ನೇ ಕಲಮು ಇವರನ್ನು ಅಪರಾಧಿಗಳೆಂದು ಕರೆಯುತ್ತಿತ್ತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಜೈಲಿನ ಭಯ ಹೋಯಿತು. ಮದುವೆಯ ಪ್ರಶ್ನೆ ಉಳಿಯಿತು. ಹೈದರಾಬಾದಿನ ಸುಪ್ರಿಯೊ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಮುಂತಾದವರು ಅದನ್ನು ಅದೇ ನ್ಯಾಯಾಲಯದ ಮುಂದಿಟ್ಟರು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲವೆಂದರು, ಕಾಯಿದೆ ಮಾಡುವುದು ಸಂಸತ್ತಿನ ಕೆಲಸವೆಂದರು. ಮದುವೆಯೆಂದು ಕರೆಯದಿದ್ದರೂ ಈ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಬೇಕೆಂದವರು ಇಬ್ಬರೇ, ಚಂದ್ರಚೂಡ್ ಮತ್ತು ಕೌಲ್. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ಈ ನಡುವೆ 2024ರಲ್ಲಿ ಕೇಂದ್ರ ಸರಕಾರ ಪಡಿತರ ಚೀಟಿಯಲ್ಲಿ ಇವರನ್ನು ಒಂದೇ ಕುಟುಂಬವೆಂದು ಎಣಿಸಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು ಎಂದು ಸ್ಪಷ್ಟಪಡಿಸಿತು. ಅಕ್ಕಿ ತರಲು ಕುಟುಂಬ, ಆಸ್ತಿಯ ಪಾಲಿಗೆ ಪರಕೀಯರು!

ಆ ವಿಚಾರಣೆಯಲ್ಲಿ ಕೇಂದ್ರ ಸರಕಾರವೂ ಜಮೀಯತ್ ಉಲಮಾ-ಎ-ಹಿಂದ್ ಕೂಡಾ ಅಪರೂಪಕ್ಕೆ ಒಂದೇ ಸಾಲಿನಲ್ಲಿ ನಿಂತು ವಿರೋಧಿಸಿದವು. ಇದು ನಮ್ಮನ್ನು ಯೋಚನೆಗೆ ಹಚ್ಚಬೇಕು.

ಧರ್ಮದ ಮಾತು ಬಂದಾಗ ನಾವು ಜಾಣತನ ಮಾಡಬಾರದು. ಉಲಮಾಗಳ ಅಭಿಪ್ರಾಯ ಏನೆಂಬುದು ಎಲ್ಲರಿಗೂ ಗೊತ್ತು. ನಿಕಾಹ್‌ನ ನಿಯಮ ಬದಲಿಸಿ ಎಂದು ನಾವಿಲ್ಲಿ ಹೇಳುತ್ತಿಲ್ಲ. ಅರ್ಜಿದಾರರ ವಾದವೂ ವೈಯಕ್ತಿಕ ಕಾನೂನುಗಳ ಒಳಗೆ ಹೋಗಲಿಲ್ಲ. ಅವರು ತಟ್ಟಿದ್ದು 1954ರ ವಿಶೇಷ ವಿವಾಹ ಕಾಯಿದೆಯ ಬಾಗಿಲನ್ನು. ಅಲ್ಲಿ ಖಾಝಿಯಿಲ್ಲ, ಪುರೋಹಿತನಿಲ್ಲ, ಪಾದ್ರಿಯಿಲ್ಲ. ಇದಕ್ಕೆ ಮೊದಲಿದ್ದ 1872ರ ಕಾಯಿದೆಯಲ್ಲಿ, ತಾನು ಹಿಂದೂವಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ ಎಂದು ಬರೆದುಕೊಟ್ಟ ಮೇಲೆಯೇ ಮದುವೆ. 1954ರಲ್ಲಿ ಆ ಷರತ್ತು ಹೋಯಿತು. ಈ ಕಾಯಿದೆಯಡಿ ಮದುವೆಯಾದ ಮುಸ್ಲಿಮರ ಆಸ್ತಿ ಸಹ ಶರೀಅತ್‌ನಂತೆ ಅಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹಂಚಿಕೆಯಾಗುತ್ತದೆ. ಅದು ಪ್ರತ್ಯೇಕ ಅಂಗಳ. ಅಲ್ಲಿ ಇನ್ನಿಬ್ಬರು ಬಂದು ಸಹಿ ಹಾಕಿದರೆ ನಮ್ಮ ನಿಕಾಹ್‌ಗೆ ಬರುವ ಕುಂದೇನು?

ಬಡ್ಡಿ ಹರಾಮ್ ಎನ್ನುವ ನಾವು ಬ್ಯಾಂಕುಗಳನ್ನು ಮುಚ್ಚಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿಲ್ಲ. (ನಮ್ಮಲ್ಲೇ ಎಷ್ಟು ಮನೆಗಳು ಬ್ಯಾಂಕ್ ಸಾಲದಿಂದ ಎದ್ದಿವೆ ಎಂಬುದು ಬೇರೆ ಮಾತು.) ಪಾಪವೆಂದು ನಾವು ನಂಬಿದ್ದೆಲ್ಲ ದೇಶದ ಕಾಯಿದೆಯಲ್ಲಿ ನಿಷಿದ್ಧವಾಗಬೇಕೆಂಬ ಹಟ ನಮಗಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಅದೇಕೆ ಬೇಕು? 2022ರಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನಾಚೆ ನಿಂತಾಗ, ಹೆಚ್ಚು ಜನರಿಗೆ ಒಗ್ಗದ್ದೆಲ್ಲ ಕಾನೂನುಬಾಹಿರವಲ್ಲ ಎಂದು ವಾದಿಸಿದವರು ನಾವೇ. ನಮಗಿಂತ ಚಿಕ್ಕದಾದ ಗುಂಪೊಂದು ಅದೇ ಮಾತನ್ನಾಡಿದಾಗ, ಬಹುಜನರ ಭಾವನೆಗೆ ಧಕ್ಕೆಯೆಂದು ನಾವು ಹೇಳಿದರೆ ನಮ್ಮ ಮೊದಲಿನ ವಾದ ಏನಾಗುತ್ತದೆ?

ಸಂತಾನವಿಲ್ಲದ ಮದುವೆ ಎಂಥ ಮದುವೆ ಎನ್ನುವವರಿದ್ದಾರೆ. ಅರವತ್ತು ದಾಟಿದವರ ಮದುವೆಯನ್ನು ಯಾವ ನೋಂದಣಾಧಿಕಾರಿಯೂ ಆ ಕಾರಣಕ್ಕೆ ತಿರಸ್ಕರಿಸಿಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಬೇರೆಯೇ. ಉರ್ದು ಓದಿ ಬೆಳೆದ ನಮಗೆ ಇಸ್ಮತ್ ಚುಗ್ತಾಯಿಯವರ 'ಲಿಹಾಫ್' ಗೊತ್ತು. 1942ರ ಆ ಕತೆಯನ್ನು ಅಶ್ಲೀಲವೆಂದು ಲಾಹೋರಿನ ನ್ಯಾಯಾಲಯಕ್ಕೆ ಎಳೆದರು, ಲೇಖಕಿಗೆ ಶಿಕ್ಷೆಯಾಗಲಿಲ್ಲ. ಎಲ್ಲರೂ ನೆನಪಿಡುವುದು ರಜಾಯಿಯೊಳಗಿನ ಗುಟ್ಟನ್ನು. ಹೆಣ್ಣಿನಲ್ಲಿ ಮನಸ್ಸೇ ಇಲ್ಲದ ನವಾಬನಿಗೆ ಬೇಗಂ ಜಾನ್‌ಳನ್ನು ಕಟ್ಟಿದ್ದರಿಂದ ಅವಳ ದುಃಖ ಶುರುವಾಯಿತು ಎಂಬುದನ್ನು ಮರೆಯುತ್ತಾರೆ. ಆ ಮದುವೆಗೆ ಸಾಕ್ಷಿಗಳಿದ್ದರು, ಧರ್ಮದ ಒಪ್ಪಿಗೆಯಿತ್ತು. ಕಾಯಿದೆ ಬಂದ ಮರುದಿನವೇ ತಾಯ್ತಂದೆಯರ ಮನಸ್ಸು ಬದಲಾಗದು, ನಿಜ. ಆದರೆ ಒತ್ತಾಯದ ಮದುವೆಗೆ ಕೂರುವ ಹುಡುಗನಿಗೆ, ನನಗೂ ಕಾನೂನು ಒಪ್ಪುವ ಒಂದು ದಾರಿಯಿದೆ ಎಂದು ಹೇಳುವಷ್ಟಾದರೂ ಧೈರ್ಯ ಬಂದೀತು.

ನಮ್ಮ ಓಣಿಯ ಹುಡುಗಿಯೊಬ್ಬಳು ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ಮರಳಿದಳು. ಗಂಡ ಒಂದು ದಿನವೂ ತನ್ನ ಪಕ್ಕ ಮಲಗಲಿಲ್ಲವೆಂದು ಅಮ್ಮಿಯ ಬಳಿ ಮಾತ್ರ ಹೇಳಿದಳು. ಅವನು ಮದುವೆಗೆ ಮುಂಚೆ ಬೇಡವೆಂದು ಅತ್ತಿದ್ದನಂತೆ, ಯಾಕೆಂದು ಯಾರೂ ಕೇಳಿರಲಿಲ್ಲ. ಸೊಸೆಗೆ ಜಿನ್ನ್ ಮೆಟ್ಟಿಕೊಂಡಿದೆ ಎಂದು ಅತ್ತೆಮನೆಯವರು ಊರೆಲ್ಲ ಹೇಳಿಕೊಂಡು ಬಂದರು. ತಲಾಕ್ ಆಯಿತು. ಆರು ತಿಂಗಳೊಳಗೆ ಆ ಹುಡುಗನಿಗೆ ದೂರದ ಊರಿನಿಂದ ಇನ್ನೊಂದು ಹೆಣ್ಣು ತಂದರು.