ನೆನಪು ಸಾಕ್ಷಿಯಾಗಬಲ್ಲದೇ?

ಹೈದರಾಬಾದಿನ ಕುಷಾಯಿಗೂಡದ ಆಸುಪಾಸು ಎಂಜಿನಿಯರುಗಳ ನೆಲೆ. 1967ರಲ್ಲಿ ಅಣುಶಕ್ತಿ ಇಲಾಖೆಯ ಅಡಿಯಲ್ಲಿ ಇಲ್ಲಿ ಇಸಿಐಎಲ್ ಎಂಬ ಎಲೆಕ್ಟ್ರಾನಿಕ್ಸ್ ಸಂಸ್ಥೆ ಶುರುವಾಯಿತು. ಚಂದ್ರಯಾನ-1ರ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ನಿಂತ 32 ಮೀಟರ್ ವ್ಯಾಸದ ಆಂಟೆನಾದಲ್ಲಿ ಈ ಸಂಸ್ಥೆಯ ದುಡಿಮೆಯಿದೆ. ಮತಯಂತ್ರಗಳೂ ಇಲ್ಲಿ ತಯಾರಾಗುತ್ತವೆ. ಇವು ನಾಲ್ಕು ಜನರ ಮುಂದೆ ಹೇಳಬಹುದಾದ ಕೆಲಸಗಳು. ಸೇನೆಗಾಗಿ ಮಾಡಿದ ಕೆಲಸದ ಮಾತು ಬೇರೆ. ಅದರ ಒಳವಿವರಗಳಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಕಾವಲಿದೆ, ನಿವೃತ್ತಿಯಾದರೂ ಅದು ಸಡಿಲವಾಗುವುದಿಲ್ಲ. ಹಾಗಾಗಿ ರಕ್ಷಣಾ ಎಂಜಿನಿಯರೊಬ್ಬರು ತೀರಿಕೊಂಡಾಗ ಅವರ ಬದುಕಿನ ಅರ್ಧ ಭಾಗ ಕಡತದಲ್ಲೇ ಉಳಿಯುತ್ತದೆ. ಮನೆಯವರ ಪಾಲಿಗೆ ಬರುವುದು ಉಳಿದರ್ಧ: ಮಗಳ ಗಣಿತದ ಪುಸ್ತಕದ ಮುಂದೆ ಕೂತ ಅಪ್ಪ, ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಜೋಡಿಸುವ ಗಂಡ, ಊರಿಗೆ ತಪ್ಪದೆ ಹಣ ಕಳಿಸುವ ಮಗ. ವೈಕುಂಠ ಸಮಾರಾಧನೆಯ ದಿನ ಇವನ್ನೆಲ್ಲ ನೆನೆಯುವವರು ಆ ಮನುಷ್ಯನನ್ನು ತಿಳಿದೇ ಮಾತಾಡುತ್ತಿದ್ದಾರೆಯೇ, ಅಥವಾ ದುಃಖ ಅವರಿಂದ ಮಾತಾಡಿಸುತ್ತಿದೆಯೇ? ನಮ್ಮ ದಾರ್ಶನಿಕರು ಈ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿಕೊಂಡಿದ್ದರು: ಸ್ಮೃತಿ ಪ್ರಮಾಣವೇ? ಅಂದರೆ, ನೆನಪು ಸರಿಯಾದ ಅರಿವನ್ನು ಕೊಡುವ ದಾರಿಯೇ?

ಹೆಚ್ಚಿನವರ ಉತ್ತರ, ಅಲ್ಲ ಎಂದೇ. ಕುಮಾರಿಲ ಭಟ್ಟನ ದಾರಿಯ ಮೀಮಾಂಸಕರ ಪ್ರಕಾರ ಪ್ರಮಾಣವಾದದ್ದು ಹೊಸತೇನನ್ನಾದರೂ ತಿಳಿಸಬೇಕು. ನೆನಪು ತಿಳಿದದ್ದನ್ನೇ ತಿಳಿಸುತ್ತದೆ. ಕಾಶ್ಮೀರದ ನೈಯಾಯಿಕ ಜಯಂತ ಭಟ್ಟನ ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಹಳತನ್ನು ಹೇಳುತ್ತದೆ ಎನ್ನುವುದು ನೆನಪಿನ ದೋಷವಲ್ಲ; ತಾನು ತೋರಿಸುವ ವಸ್ತುವಿನಿಂದಲೇ ಅದು ಹುಟ್ಟಿಲ್ಲ ಎನ್ನುವುದು ದೋಷ. ಕಣ್ಣ ಮುಂದಿನ ಗಡಿಗೆ ತನ್ನ ಅರಿವನ್ನು ತಾನೇ ಹುಟ್ಟಿಸುತ್ತದೆ. ತೀರಿಹೋದವರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಹಿಂದೆ ಕಂಡದ್ದರಿಂದ ಮನಸ್ಸಿನಲ್ಲಿ ಉಳಿದ ಅಚ್ಚು, ಅಂದರೆ ಸಂಸ್ಕಾರವಷ್ಟೇ ಆಗ ಕೆಲಸ ಮಾಡುತ್ತಿರುತ್ತದೆ. ಸಾವಿನ ಮನೆಯಲ್ಲಿ ನಿಂತು ಈ ವಾದವನ್ನು ಓದಿದರೆ ಎದೆ ಹಿಂಡುತ್ತದೆ, ಆದರೆ ಅಷ್ಟಕ್ಕೇ ಅದನ್ನು ತಳ್ಳಿಹಾಕುವಂತಿಲ್ಲ.

ಬೇರೆ ಉತ್ತರ ಕೊಟ್ಟವರಲ್ಲಿ ಜೈನ ತಾರ್ಕಿಕರಿದ್ದಾರೆ. ಕನ್ನಡ ನೆಲದಿಂದ 13ನೇ ಶತಮಾನದ ಮಧ್ವಾಚಾರ್ಯರೂ ಅವರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರೂ ಇದ್ದಾರೆ. ಮಧ್ವರ ಲಕ್ಷಣ ಸರಳ: ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರೆ ಅದು ಪ್ರಮಾಣ. ಹೊಸತಾಗಿರಬೇಕೆಂಬ ಷರತ್ತು ಅದರಲ್ಲಿಲ್ಲ. ಆ ಷರತ್ತು ಹಾಕುವವರು ಒಂದು ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ಒಂದೇ ಗಡಿಗೆಯನ್ನು ಎವೆಯಿಕ್ಕದೆ ನೋಡುತ್ತಿದ್ದರೆ ಎರಡನೆಯ ಕ್ಷಣದ ನೋಟ ತಿಳಿದದ್ದನ್ನೇ ತಿಳಿಸುತ್ತದೆ. ಅದು ಪ್ರಮಾಣವಲ್ಲ ಎಂದು ಒಪ್ಪುವುದು ಕಷ್ಟ. ಜಯತೀರ್ಥರು ಇನ್ನೂ ಮುಂದೆ ಹೋಗಿ, ನೆನಪನ್ನು ಮನಸ್ಸೆಂಬ ಇಂದ್ರಿಯದ ಪ್ರತ್ಯಕ್ಷವೆಂದೇ ಎಣಿಸುತ್ತಾರೆ. ಕಣ್ಣಿಗೆ ವಸ್ತುವಿನ ಸಂಪರ್ಕ ಬೇಕಾದಂತೆ ಮನಸ್ಸಿಗೆ ಸಂಸ್ಕಾರವೇ ಸಂಪರ್ಕ. ಕಳೆದುಹೋದದ್ದನ್ನು ಅದು ಆ ಮೂಲಕ ಮುಟ್ಟುತ್ತದೆ. ಇಲ್ಲಿ ಬಹಳ ಸೂಕ್ಷ್ಮವಾದ ಒಂದು ಅಂಶವಿದೆ. ಅಂದು ಕಂಡಾಗ ಅಪ್ಪ ‘ಇವರು’ ಆಗಿದ್ದರು. ಇಂದು ನೆನೆದಾಗ ‘ಅವರು’. ಈ ‘ಆಗಿದ್ದ’ತನ ಮೊದಲಿನ ನೋಟದಲ್ಲಿ ಇರಲಿಲ್ಲ. ಅದನ್ನು ತಿಳಿಸುವುದು ನೆನಪೊಂದೇ, ಹಾಗಾಗಿ ಮೀಮಾಂಸಕರು ಕೇಳಿದ ಹೊಸತೂ ಇಲ್ಲಿ ಸಿಕ್ಕಿತು. ಜಯಂತನಿಗೆ ಕೊಡುವ ಉತ್ತರ ನ್ಯಾಯಶಾಸ್ತ್ರದಲ್ಲೇ ಇದೆ ಎನ್ನುವುದು ನನ್ನ ಎಣಿಕೆ. ಹೊಳೆ ಉಕ್ಕಿದ್ದನ್ನು ಕಂಡು ಮೇಲೆಲ್ಲೋ ಮಳೆ ಬಿದ್ದಿತ್ತು ಎಂದು ಊಹಿಸುವುದನ್ನು ನೈಯಾಯಿಕರು ಅನುಮಾನ ಪ್ರಮಾಣವೆಂದು ಒಪ್ಪುತ್ತಾರೆ. ಆ ಮಳೆಯೂ ಈಗ ಇಲ್ಲ.

ಪ್ರೀತಿ ನೆನಪನ್ನು ಕೆಡಿಸುವುದಿಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಕೆಡಿಸುತ್ತದೆ, ಖಂಡಿತ. ಆದರೆ ಚಿಪ್ಪು ಬೆಳ್ಳಿಯಾಗಿ ಕಂಡಿತೆಂದು ಕಣ್ಣನ್ನೇ ಯಾರೂ ಬಿಟ್ಟುಕೊಟ್ಟಿಲ್ಲ. ತಪ್ಪಿದ ನೋಟವನ್ನು ಸರಿಯಾದ ನೋಟ ತಿದ್ದುತ್ತದೆ. ಹೆಂಡತಿಯ ನೆನಪನ್ನು ತಮ್ಮನ ನೆನಪು ತಿದ್ದುತ್ತದೆ, ಇಬ್ಬರದನ್ನೂ ಹಳೆಯ ಡೈರಿಯ ಒಂದು ಪುಟ. ಮಧ್ವರ ಲಕ್ಷಣ ಮನೆಯವರ ಮೇಲೆ ಒಂದು ಹೊಣೆಯನ್ನೂ ಹೊರಿಸುತ್ತದೆ, ನನಗೆ ಇದು ಮುಖ್ಯವಾಗಿ ಕಾಣುತ್ತದೆ. ಇದ್ದಂತೆ ತಿಳಿಸಿದರೆ ಮಾತ್ರ ಪ್ರಮಾಣ. ಒಂದು ಸರ್ಕ್ಯೂಟನ್ನು ವರ್ಷಗಟ್ಟಲೆ ಪರೀಕ್ಷಿಸಿದವರನ್ನು ಶ್ರದ್ಧಾಂಜಲಿಯಲ್ಲಿ ಇಡೀ ಕ್ಷಿಪಣಿಯ ಜನಕರೆಂದು ಕರೆದರೆ ಅಲ್ಲಿ ಸ್ಮೃತಿಯೂ ಇಲ್ಲ, ಅವರೂ ಇಲ್ಲ. ಎಲ್ಲವನ್ನೂ ಮನೆಗಾಗಿ ತ್ಯಾಗ ಮಾಡಿದರು ಎನ್ನುವುದೂ ಹಾಗೆಯೇ. ರಾತ್ರಿ ತಡವಾಗಿ ಬಂದು, ಎಲ್ಲಿದ್ದೆನೆಂದು ಹೇಳಲಾಗದೆ ಊಟಕ್ಕೆ ಕೂತವರ ಮೌನವನ್ನು ಆ ಮಾತು ಒರೆಸಿಹಾಕುತ್ತದೆ. ಕಡತಕ್ಕೆ ಆ ಮೌನ ಗೊತ್ತಿಲ್ಲ. ಬಡಿಸಿದವರಿಗೆ ಮಾತ್ರ ಗೊತ್ತು.

ನೆನಪಿಗೆ ಒಂದು ಮಿತಿಯಿದೆ: ಕಂಡವರಿಗೆ ಮಾತ್ರ ಅದು ಬರುತ್ತದೆ. ಅಜ್ಜನನ್ನು ನೋಡದ ಮೊಮ್ಮಗಳಿಗೆ ಸಿಗುವುದು ಸ್ಮೃತಿಯಲ್ಲ, ಶಬ್ದ. ಅಂದರೆ ನಂಬತಕ್ಕವರ ಮಾತು. ಕುಷಾಯಿಗೂಡದ ನೆರೆಯ ಎ.ಎಸ್. ರಾವ್ ನಗರದಲ್ಲಿ ಈ ದಾಟುವಿಕೆ ಕಣ್ಣಿಗೇ ಕಾಣುತ್ತದೆ. ಇಸಿಐಎಲ್ ಕಟ್ಟಿದ ಅಯ್ಯಗಾರಿ ಸಾಂಬಶಿವ ರಾವ್ 2003ರಲ್ಲಿ ತೀರಿಕೊಂಡರು. ಜೊತೆಗೆ ದುಡಿದವರಿಗೆ ಆ ಹೆಸರು ಒಂದು ಮುಖ, ಈಗ ಅಲ್ಲಿ ಬಸ್ಸಿಳಿಯುವ ಹುಡುಗರಿಗೆ ಒಂದು ನಿಲ್ದಾಣ. ಅವರ ಹೆಸರಿಗೆ ಬಡಾವಣೆಯಾದರೂ ಇದೆ. ಹೆಸರಿಲ್ಲದ ಎಂಜಿನಿಯರಿನ ಮೊಮ್ಮಗಳಿಗೆ ಅಜ್ಜಿಯೊಬ್ಬರೇ ಗತಿ. ಅಜ್ಜ ಎಷ್ಟು ಹೊತ್ತಿಗೆ ಬರುತ್ತಿದ್ದರು, ಬಂದು ಏನು ಕೇಳುತ್ತಿದ್ದರು, ಯಾವುದಕ್ಕೆ ಸಿಡುಕುತ್ತಿದ್ದರು ಎಂದು ಅವಳು ಕೇಳಬಹುದು, ಅಜ್ಜಿ ಇರುವಾಗಲೇ.